ಒಳಗೆ ಬಿಟ್ಟ ಬಟ್ಟೆ

ಎಂಟು ದಿನದ ಹಿಂದೆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಮೆಟ್ಟಿಲಿನ ಪಾಚಿ ಕೆರೆಯೋಣ, ಈ ವಯಸ್ಸಿನಲ್ಲಿ ಜಾರಿ ಬಿದ್ದರೆ ಎತ್ತುವವರಿಲ್ಲ ಎಂದು ಕುಳಿತೆ. ಮೆಟ್ಟಿಲ ಬುಡದಲ್ಲಿ ನೆಲನೆಲ್ಲಿ ಹುಟ್ಟಿತ್ತು. ಜೂನ್ ತಿಂಗಳಲ್ಲಿ ಕುಂದಾಪುರದ ಯಾವ ಅಂಗಳದಲ್ಲಿ ಅದು ಹುಟ್ಟುವುದಿಲ್ಲ? ಪಾಚಿಯ ಜೊತೆ ಅದನ್ನೂ ಒಂದು ಹಿಡಿ ಕಿತ್ತೆ. ಕೈಗೆ ಆ ಹಸಿ ಕಹಿ ವಾಸನೆ ಹತ್ತಿಕೊಂಡಿತು. ಸೋಪು ಹಾಕಿ ಎರಡು ಸಲ ತೊಳೆದೆ. ಹೋಗಲಿಲ್ಲ. ಕಾಫಿ ಲೋಟ ಹಿಡಿದರೂ ಅದೇ, ಪೇಪರ್ ತಿರುವಿದರೂ ಅದೇ. ಕೊನೆಗೆ ಪೇಪರ್ ಮಡಚಿಟ್ಟು ಸುಮ್ಮನೆ ಕುಳಿತೆ. ಎರಡು ವರ್ಷದ ಹಿಂದಿನ ಆ ಮಳೆಗಾಲ ಇಡಿಯಾಗಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತುಕೊಂಡಿತು. ಆ ಕುರ್ಚಿ ಜಲಜನದು.

ಜಲಜ ನನ್ನ ನಾದಿನಿ, ನನ್ನವರ ಒಬ್ಬಳೇ ತಂಗಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಇಪ್ಪತ್ತಾರು, ಅವಳಿಗೆ ಇಪ್ಪತ್ತು. ಅವಳಿಗೆ ಮದುವೆ ಕೂಡಿಬರಲಿಲ್ಲ. ಬಂದ ಎರಡು ಮೂರು ಸಂಬಂಧ ಬಂದ ದಾರಿಯಲ್ಲೇ ಹೋದವು. ಹೊಲಿಗೆ ಕಲಿತಳು. ರಸ್ತೆಗೆ ಮುಖ ಮಾಡಿದ ಎದುರಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ನಲವತ್ತು ವರ್ಷಕ್ಕೂ ಮೇಲೆ ಊರಿನ ಹೆಂಗಸರಿಗೆ ಬ್ಲೌಸ್ ಹೊಲಿದಳು. ನಾನು ಇದೇ ಊರಿನ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ನಮಗೆ ಮಕ್ಕಳಾಗಲಿಲ್ಲ. ಅತ್ತೆ ಹೋದರು, ಆಮೇಲೆ ನನ್ನವರೂ ಹೋದರು. ಸೋ, ಮನೆಯಲ್ಲಿ ಉಳಿದದ್ದು ಅತ್ತಿಗೆ ನಾದಿನಿ ಇಬ್ಬರೇ.

ನನ್ನ ತವರು ಬೈಂದೂರು. ಆದರೆ ಅಪ್ಪ ಹತ್ತನೇ ವಯಸ್ಸಿಗೇ ನನ್ನನ್ನು ಮಂಗಳೂರಿನ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದರು. ಸಿಸ್ಟರ್‌ಗಳು ಇಂಗ್ಲಿಷ್ ಕಲಿಸಿದರು, ಜೊತೆಗೆ ಊರಿನ ಮಾತನ್ನು ನನ್ನ ಬಾಯಿಂದ ತೊಳೆದು ತೆಗೆದರು. ಹೋದದ್ದಕ್ಕೆ ನನಗೆ ಬೇಸರವಿರಲಿಲ್ಲ, ಟು ಬಿ ಆನೆಸ್ಟ್, ಹೆಮ್ಮೆಯಿತ್ತು. ಈ ಮನೆಯಲ್ಲಿ ಎಲ್ಲರೂ ಕುಂದಾಪ್ರ ಕನ್ನಡ ಆಡಿದರೆ ನಾನೊಬ್ಬಳು ಪುಸ್ತಕದ ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷ್. ಕಾಗದ ಪತ್ರ, ಬ್ಯಾಂಕು, ಆಸ್ಪತ್ರೆ, ಎಲ್ಲದರಲ್ಲೂ ಕೊನೆಯ ಮಾತು ನನ್ನದು. ಯಾರೂ ಹಾಗೆ ತೀರ್ಮಾನಿಸಿದ್ದಲ್ಲ. ಅದು ಹಾಗೇ ನಡೆದುಕೊಂಡು ಬಂತು.

ಆ ವರ್ಷ ಮಳೆ ಬೇಗ ಹಿಡಿಯಿತು. ಸ್ಕೂಲು ಶುರುವಾಗುವ ಸಮಯ, ಜಲಜನ ಕೋಣೆಯಲ್ಲಿ ಯೂನಿಫಾರ್ಮ್‌ನ ನೀಲಿ ಬಟ್ಟೆ ರಾಶಿ ಬಿದ್ದಿತ್ತು. ಅವಳು ಹೊಲಿಯುತ್ತಾ ಹೊಲಿಯುತ್ತಾ ಕೈ ನಿಲ್ಲಿಸಿ ಮೊಣಕೈ ತುರಿಸಿಕೊಳ್ಳುತ್ತಿದ್ದಳು. ಆಮೇಲೆ ಅಂಗಾಲು. ನೀಲಿ ಬಟ್ಟೆಯ ಗಂಜಿ ಆಗಿಬರುತ್ತಿಲ್ಲವೋ ಏನೋ ಎಂದುಕೊಂಡೆವು. ಊಟ ಸೇರುತ್ತಿರಲಿಲ್ಲ. ನೋವಿಲ್ಲ, ಜ್ವರವಿಲ್ಲ.

ಮೊದಲು ಕಂಡುಹಿಡಿದವಳು ಸುಮತಿ. ಕೋಡಿಯ ಕಡೆಯವಳು, ಬುಟ್ಟಿ ಹೊತ್ತು ಮನೆಮನೆಗೆ ಮೀನು ತರುತ್ತಾಳೆ. ಅವತ್ತು ಬ್ಲೌಸಿನ ಅಳತೆ ಕೊಡಲು ಬಂದಿದ್ದಳು. ಜಲಜ ಟೇಪು ಹಿಡಿದು ಎದುರು ನಿಂತಾಗ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳಂತೆ.

"ಜಲಜಕ್ಕ, ನಿಮ್ ಕಣ್ಣ್ ಕಾಣಿ ಹ್ಯಾಂಗ್ ಆಯಿತ್. ಇಂಥಾ ಕಣ್ಣಿನ್ ಮೀನ್ ನಾನ್ ಮಾರುದಿಲ್ಲ."

ಇಬ್ಬರೂ ನಕ್ಕದ್ದು ಒಳಗೆ ನನಗೆ ಕೇಳಿಸಿತು. ಆಮೇಲೆ ಸುಮತಿ ಅಡಿಗೆಮನೆಯ ಬಾಗಿಲವರೆಗೆ ಬಂದು ನಗದೇ ಹೇಳಿದಳು, ಟೀಚ್ರೆ, ತಡ ಮಾಡಬೇಡಿ, ಸ್ಕ್ಯಾನ್ ಮಾಡಿಸಿ, ನಮ್ಮ ಮಾವನಿಗೂ ಹೀಗೇ ಶುರುವಾದದ್ದು ಎಂದು. ನಾನು ಆಯಿತು ಎಂದೆ. ಮಾಡಿಸಲಿಲ್ಲ.

ಯಾಕೆ ಎಂದು ಬರೆಯಬೇಕಾದದ್ದು ಇಲ್ಲಿಯೇ. ನಮ್ಮ ಕಡೆ ಕಣ್ಣು ಹಳದಿಯಾದರೆ ಅದು ಕಾಮಾಲೆ, ಕಾಮಾಲೆ ಎಂದರೆ ಸೊಪ್ಪಿನ ಮದ್ದು ಮತ್ತು ಪಥ್ಯ. ಇಂಗ್ಲಿಷ್ ಮದ್ದು ತಿಂದರೆ ಕಾಮಾಲೆ ಕೆರಳುತ್ತದೆ ಎಂದು ನಂಬಿ ಬೆಳೆದವರು ನಾವು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ರಜೆಗೆ ಬೈಂದೂರಿಗೆ ಬಂದರೆ ಅಮ್ಮ ಹಳದಿಯಾಗಿ ಮಲಗಿದ್ದರು. ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಟ್ಟು, ಎಣ್ಣೆ, ಮೆಣಸು, ಮೀನು ಬಿಡಿಸಿ ಗುಣ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ. ಕಾನ್ವೆಂಟು ನನ್ನಿಂದ ಊರಿನ ಮಾತು ತೆಗೆಯಿತು, ಊರಿನ ನಂಬಿಕೆ ತೆಗೆಯಲಿಲ್ಲ. ತಾನಾಗಿಯೇ ಬಂದು ತಾನಾಗಿಯೇ ಹೋಗುವ ಕಾಮಾಲೆ ಬೇರೆ, ಪಿತ್ತದ ದಾರಿ ಒಳಗೆ ಎಲ್ಲೋ ಕಟ್ಟಿಕೊಂಡು ಬರುವ ಕಾಮಾಲೆ ಬೇರೆ ಎಂದು ನನಗೆ ತಿಳಿದದ್ದು ಆಮೇಲೆ.

ಹಾಲಾಡಿಯಲ್ಲಿ ಬಸ್ಸಿಳಿದು ರಿಕ್ಷಾದಲ್ಲಿ ಒಳಗೆ ಹೋದರೆ ಕಾಮಾಲೆಗೆ ಮದ್ದು ಕೊಡುವ ಅಜ್ಜಿಯೊಬ್ಬರಿದ್ದರು. ಏನೂ ತೆಗೆದುಕೊಳ್ಳುವವರಲ್ಲ. ಬರಿಹೊಟ್ಟೆಯಲ್ಲಿ ಹೋಗಬೇಕು, ವಾರಕ್ಕೊಂದು ಸಲ. ಜಲಜನನ್ನು ಕರೆದುಕೊಂಡು ಹೋದೆ. ಕೊಡೆಯೊಳಗೂ ನೆನೆದು, ಬಸ್ಸಿನಲ್ಲಿ ಕಿಟಕಿಯ ಪರದೆ ಇಳಿಸಿಕೊಂಡು, ಅವಳು ತನ್ನ ಅಂಗೈ ತುರಿಸಿಕೊಳ್ಳುತ್ತಾ, ನಾನು ಅಮ್ಮನ ಕಥೆ ಹೇಳುತ್ತಾ. ಮನೆಯಲ್ಲಿ ಮೂರು ಹೊತ್ತು ಗಂಜಿ, ಉಪ್ಪು ಅಷ್ಟಕ್ಕಷ್ಟೆ. ದಿನಾ ಬೆಳಿಗ್ಗೆ ನಾನೇ ನೆಲನೆಲ್ಲಿ ಕಿತ್ತು ಅರೆಯುತ್ತಿದ್ದೆ. ಐ ವಾಸ್ ಸೋ ಶ್ಯೂರ್. ಅಷ್ಟು ಶ್ರದ್ಧೆಯಿಂದ ನಾನು ಯಾವ ದೇವರಿಗೂ ಹೂ ಕೊಯ್ದಿರಲಿಕ್ಕಿಲ್ಲ.

ಎರಡನೇ ವಾರ ಅಜ್ಜಿ ಜಲಜನ ಉಗುರುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಇದು ನನ್ನ ಮದ್ದಿಗೆ ಇಳಿಯುವ ಹಾಗೆ ಕಾಣುವುದಿಲ್ಲ, ಡಾಕ್ಟರಿಗೆ ತೋರಿಸಿದರೆ ಒಳ್ಳೆಯದು ಎಂದರು. ಇನ್ನೊಂದು ಸಲ ಕೊಟ್ಟು ನೋಡಿ ಎಂದು ಒತ್ತಾಯ ಮಾಡಿದವಳು ನಾನು. ಆ ವಾರವೇ ಇರಬೇಕು, ಒಂದು ಮಧ್ಯಾಹ್ನ ಜಲಜ ಗಂಜಿ ಬಟ್ಟಲು ಸರಿಸಿ ಕೇಳಿದಳು.

"ಅತ್ತಿಗೆ, ಒಂದ್ಸಲ ಡಾಕ್ಟ್ರಿಗೆ ತೋರ್ಸ್ಕಂಡ್ ಬಪ್ಪನಾ?"

ಪಥ್ಯ ಅರ್ಧಕ್ಕೆ ಬಿಟ್ಟರೆ ಮೊದಲಿನದಕ್ಕಿಂತ ಕೆಡುತ್ತದೆ, ಸುಮ್ಮನಿರು ಎಂದೆ. ಅವಳು ಸರಿ ಅತ್ತಿಗೆ ಎಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಿಷನ್ನಿನ ಸದ್ದು ಕೇಳಿತು. ಒಪ್ಪಿದಳು ಎಂದುಕೊಂಡೆ.

ಮೂರು ವಾರ ಮುಗಿಯುವ ಹೊತ್ತಿಗೆ ಅವಳು ಕತ್ತರಿಸುತ್ತಿದ್ದ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಅವಳ ಕೈ ಅರಿಶಿನ ಹಚ್ಚಿದ ಹಾಗೆ ಕಾಣತೊಡಗಿತು. ಆಗ ನನಗೆ ಹೆದರಿಕೆಯಾಯಿತು.

ಕುಂದಾಪುರದಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು, ಇವತ್ತೇ ಹೋಗಿ ಎಂದಷ್ಟೇ ಹೇಳಿದರು. ಕೋಟ, ಬ್ರಹ್ಮಾವರ, ಉಡುಪಿ. ಆ ದಾರಿಯಲ್ಲಿ ಜೀವಮಾನವಿಡೀ ಓಡಾಡಿದ್ದೇನೆ, ಅವತ್ತಿನಷ್ಟು ಉದ್ದ ಅದು ಯಾವತ್ತೂ ಇರಲಿಲ್ಲ. ಜಲಜ ಕಿಟಕಿಯ ಬದಿ ಕುಳಿತು, ಸೀತಾನದಿ ಸೇತುವೆ ದಾಟುವಾಗ ಕೆಂಪು ನೀರು ನೋಡುತ್ತಾ, ಸುಮತಿಯ ಬ್ಲೌಸಿಗೆ ಹುಕ್ಕು ಮಾತ್ರ ಬಾಕಿ ಎಂದಳು.

ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಂದು ದೊಡ್ಡ ಸ್ಕ್ಯಾನ್. ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗಡ್ಡೆ. ಮೊದಲು ಬಾಯಿಯ ಮೂಲಕ ಕೊಳವೆ ಇಳಿಸಿ ಪಿತ್ತಕ್ಕೆ ದಾರಿ ಮಾಡಿಕೊಟ್ಟರು, ತುರಿಕೆ ಇಳಿಯಿತು, ಅವಳು ಒಂದು ವಾರ ಸರಿಯಾಗಿ ನಿದ್ದೆ ಮಾಡಿದಳು. ಆಮೇಲೆ ಸರ್ಜನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಚಿಕ್ಕ ವಯಸ್ಸು, ಹುಬ್ಬಳ್ಳಿ ಕಡೆಯ ಮಾತು. ರಿಪೋರ್ಟಿನ ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ನಿನಿಂದ ಒಂದು ನಾಳ ಬರೆದರು, ಅದಕ್ಕೆ ಒರಗಿಕೊಂಡ ಹಾಗೆ ಒಂದು ಗಡ್ಡೆ ಬರೆದರು.

"ನೋಡ್ರಿ ಅಮ್ಮಾರ, ಕರುಳಿನ ರಕ್ತ ಎಲ್ಲಾ ಈ ನಾಳದಾಗ ಹಾದು ಲಿವರಿಗೆ ಹೋಗತೈತಿ. ಗಡ್ಡಿ ಇದಕ್ಕ ಒಂದ್ ಬಾಜೂ ಅಂಟಿಕೊಂಡಂಗ ಕಾಣತೈತಿ. ಬಿಡಿಸಾಕ ಬರಲಿಲ್ಲಂದ್ರ ನಾಳದ ಗ್ವಾಡಿನೂ ಒಂದಿಷ್ಟು ಕತ್ತರಿಸಿ ತಗೀಬೇಕಾಗತೈತಿ."

ನಾನು ಇಂಗ್ಲಿಷಿನಲ್ಲಿ ಏನೋ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜಲಜ ಕುರ್ಚಿ ಮುಂದೆ ಎಳೆದುಕೊಂಡಳು. ಬ್ಯಾಂಕಿನಲ್ಲಿ ಸಹಿ ಎಲ್ಲಿ ಹಾಕಬೇಕೆಂದೂ ನನ್ನ ಮುಖ ನೋಡುವವಳು, ಕಾಗದದ ಮೇಲೆ ನೇರ ಬೆರಳಿಟ್ಟಳು.

"ಕತ್ತರ್ಸಿದ್ ಜಾಗ್ದಗೆ ತೂತ್ ಬೀಳ್ತಲ್ದಾ. ಅದಕ್ಕೆ ಎಂತದ್ ತೇಪಿ?"

ಸರ್ಜನ್ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. ಹೊಟ್ಟೆಯ ಗೋಡೆಗೆ ಒಳಗಿನಿಂದ ತೆಳ್ಳಗಿನ ಪೊರೆಯೊಂದು ಹಾಸಿಕೊಂಡಿರುತ್ತದೆ, ಅದರಿಂದಲೇ ಒಂದು ತುಣುಕು ತೆಗೆದು ನಾಳಕ್ಕೆ ಹೊಲಿಯುತ್ತೇವೆ, ತೆಗೆದ ಕಡೆ ಏನೂ ತೊಂದರೆಯಿಲ್ಲ ಎಂದು ವಿವರಿಸಿದರು. ಹೊರಗಿನಿಂದ ತಂದು ಹಾಕುವುದಿಲ್ಲವೇ ಎಂದು ಅವಳು ಕೇಳಿದಳು. ತಯಾರಿಸಿದ್ದು ಸಿಗುತ್ತದೆ, ಆದರೆ ಪಿತ್ತ, ಜೀರ್ಣರಸ ಎಲ್ಲಾ ಓಡಾಡುವ ಜಾಗ, ಪರಕೀಯ ವಸ್ತುವಿಗೆ ಸೋಂಕು ತಗುಲಿದರೆ ಕಷ್ಟ; ನಿಮ್ಮದೇ ಆದರೆ ಮೈ ಒಪ್ಪಿಕೊಳ್ಳುತ್ತದೆ ಎಂದರು.

"ಯಾವ್ ಬದಿ ಒಳಗೆ?" ಎಂದಳು ಜಲಜ.

ಅವರು ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಒಬ್ಬ ಪೇಶೆಂಟ್ ಇದನ್ನು ಕೇಳಿದ್ದು ಇದೇ ಮೊದಲು ಎಂದರು. ಪೊರೆಗೆ ಒಂದು ಬದಿ ನುಣುಪು, ಒಂದು ಬದಿ ಒರಟು. ನುಣುಪು ಬದಿ ಒಳಗೆ, ರಕ್ತ ಹರಿಯುವ ಕಡೆಗೆ. ಇಲ್ಲದಿದ್ದರೆ ರಕ್ತ ತಡೆದು ಹೆಪ್ಪುಗಟ್ಟುತ್ತದೆ.

"ಎಳ್ದ್ ಹೊಲಿಬೇಡಿ ಡಾಕ್ಟ್ರೆ. ನೆರಿ ಬೀಳ್ತ್."

ಅವರು ನಕ್ಕು, ಗಂಟು ಹಾಕುವಾಗ ನಾವೂ ನೂಲು ಸ್ವಲ್ಪ ಸಡಿಲ ಬಿಡುತ್ತೇವೆ, ರಕ್ತ ತುಂಬಿದಾಗ ನಾಳ ಅರಳಬೇಕಲ್ಲ ಎಂದರು. ಜಲಜ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಕಸುಬು ಗೊತ್ತಿರುವ ಒಬ್ಬರು ಸಿಕ್ಕಿದರು ಎಂಬ ಸಮಾಧಾನವಿತ್ತು. ಅದೇ ಥಾನಿನ ಬಟ್ಟೆಯೇ ಆಗಬೇಕು ಅತ್ತಿಗೆ, ಬೇರೆ ಹಾಕಿದರೆ ಒಗೆದಾಗ ಒಂದು ಕುಗ್ಗುತ್ತದೆ, ಒಂದು ಕುಗ್ಗುವುದಿಲ್ಲ ಎಂದು ನನಗೆ ಸಮಜಾಯಿಷಿ ಹೇಳಿದಳು. ಅವಳು ಹೊಲಿದ ಯಾವ ಬ್ಲೌಸನ್ನಾದರೂ ಒಳಮಗ್ಗುಲು ಮಾಡಿ ನೋಡಿ, ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟಿರುತ್ತಿದ್ದಳು. ಹೆಂಗಸರು ದಪ್ಪವಾದರೆ ಬಿಚ್ಚಿ ದೊಡ್ಡದು ಮಾಡಬಹುದು, ಹರಿದರೆ ಅದರಿಂದಲೇ ತೇಪೆಗೆ ತೆಗೆಯಬಹುದು. ಒಳಗೆ ಬಟ್ಟೆ ಬಿಡದೆ ಹೊಲಿಯುವವರನ್ನು ಅವಳು ಟೈಲರ್ ಎಂದೇ ಒಪ್ಪುತ್ತಿರಲಿಲ್ಲ.

ಅವಳನ್ನು ನರ್ಸ್ ತೂಕ ನೋಡಲು ಹೊರಗೆ ಕರೆದುಕೊಂಡು ಹೋಗುವಾಗ ನಾನು ಬಾಗಿಲ ಹತ್ತಿರ ನಿಂತು ಸರ್ಜನ್ ಹತ್ತಿರ ಇಂಗ್ಲಿಷಿನಲ್ಲಿ ಕೇಳಿದೆ. ಜಲಜನಿಗೆ ಕೇಳಿಸಿದರೂ ಅರ್ಥವಾಗದಿರಲಿ ಎಂದೇ ಇಂಗ್ಲಿಷ್. ಮೂರು ವಾರ ಮೊದಲೇ ಬಂದಿದ್ದರೆ ನಾಳಕ್ಕೆ ಅಂಟಿರುತ್ತಿರಲಿಲ್ಲವೇ? ಅವರು ಸುಳ್ಳು ಹೇಳುವ ಪೈಕಿಯಲ್ಲ. ಹೇಳಲಿಕ್ಕಾಗುವುದಿಲ್ಲ ಮ್ಯಾಮ್, ಆಗಲೂ ಹೀಗೇ ಇದ್ದಿರಬಹುದು, ಬಟ್ ಅರ್ಲಿಯರ್ ಈಸ್ ಆಲ್ವೇಸ್ ಬೆಟರ್ ಎಂದರು. ಇನ್ನೊಂದನ್ನೂ ಕೇಳಿದೆ. ಆ ಪೊರೆ ನನ್ನಿಂದ ತೆಗೆಯಬಹುದೇ? ಅವಳ ಮೈ ಸೋತಿದೆ, ನಾನು ಗಟ್ಟಿಯಾಗಿದ್ದೇನೆ. ಅವರು ತಲೆ ಅಲ್ಲಾಡಿಸಿದರು. ಬೇಡ, ಅವರದೇ ಬೇಕು. ಫಾರ್ಮಿನಲ್ಲಿ ಪೇಶೆಂಟಿಗೆ ಏನಾಗಬೇಕು ಎಂಬಲ್ಲಿ ಅತ್ತಿಗೆ ಎಂದು ಬರೆದೆ. ಕೌಂಟರಿನ ಹುಡುಗಿ ರಕ್ತಸಂಬಂಧ ಯಾರೂ ಇಲ್ಲವೇ ಎಂದಳು. ಇಲ್ಲ ಎಂದೆ.

ಆಪರೇಶನ್ ದಿನ ಬೆಳಿಗ್ಗೆ ಏಳಕ್ಕೆ ಒಳಗೆ ಹೋದವಳು, ಹೊರಗೆ ಸುದ್ದಿ ಬರುವಾಗ ಸಂಜೆ ನಾಲ್ಕು ಕಳೆದಿತ್ತು. ಅಷ್ಟು ಹೊತ್ತು ಒಂದೇ ಬೆಂಚು. ಪಕ್ಕದಲ್ಲಿ ದೊಡ್ಡ ದೊಡ್ಡ ಸಂಸಾರಗಳು ಫ್ಲಾಸ್ಕು, ಇಡ್ಲಿ, ಚಾಪೆ ಸಮೇತ ಬಂದು ಕುಳಿತಿದ್ದವು. ಒಬ್ಬಳು ಟೀ ಬೇಕಾ ಅಮ್ಮ ಎಂದು ಕೇಳಿದಳು, ನಿಮ್ಮವರು ಯಾರೂ ಬರಲಿಲ್ಲವಾ ಎಂದೂ ಕೇಳಿದಳು. ಒಳಗಿದ್ದಾಳಲ್ಲ, ಅವಳೇ ನನ್ನವಳು ಎಂದೆ. ಕಿಟಕಿಯ ಹೊರಗೆ ಮಳೆ ಒಂದೇ ಸಮ ಹೊಯ್ಯುತ್ತಿತ್ತು. ನಾನು ಬ್ಯಾಗಿನಿಂದ ಒಂದು ಟೇಪು ತೆಗೆದು, ಸಿಸ್ಟರ್‌ಗಳು ರೋಸರಿ ಜಪಮಾಲೆ ಹಿಡಿಯುವಂತೆ ಬೆರಳಿಗೆ ಸುತ್ತುತ್ತಿದ್ದೆ. ಜಲಜನ ಅಳತೆಯ ಟೇಪು, ಹಳದಿ, ಮೊದಲ ಇಂಚುಗಳ ಗುರುತು ಸವೆದು ಹೋಗಿತ್ತು. ಅದು ನನ್ನ ಬ್ಯಾಗಿಗೆ ಹೇಗೆ ಬಂತೋ ಗೊತ್ತಿಲ್ಲ.

ಸರ್ಜನ್ ಹೊರಗೆ ಬಂದು ಟೋಪಿ ತೆಗೆದರು. ಗಡ್ಡೆ ನಾಳಕ್ಕೆ ಅಂಟಿಕೊಂಡೇ ಇತ್ತು. ನಾಳದ ಗೋಡೆ ಉಗುರಿನಷ್ಟಗಲ ಹೋಯಿತು. ಅವಳದೇ ಪೊರೆಯಿಂದ ಮುಚ್ಚಿದ್ದೇವೆ, ರಕ್ತ ಚೆನ್ನಾಗಿ ಹರಿಯುತ್ತಿದೆ. ಹೋಗುವವರು ತಿರುಗಿ ನಿಂತು, ನುಣುಪು ಬದಿ ಒಳಗೇ ಇಟ್ಟೇವ್ರಿ, ಅಕ್ಕಾರಿಗೆ ಹೇಳ್ರಿ ಎಂದರು.

ಆಮೇಲಿನ ದಿನಗಳಲ್ಲಿ ತೇಪೆ ಹಿಡಿಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುತ್ತಿದ್ದರು. ಹೊಟ್ಟೆಯ ಮೇಲೆ ಜೆಲ್ ಹಚ್ಚಿ, ಒಂದು ಸಣ್ಣ ಯಂತ್ರ ಆಡಿಸಿದರೆ ನಾಳದೊಳಗಿನ ರಕ್ತದ ಸದ್ದು ಕೇಳುತ್ತದೆ. ಹೃದಯದ ಹಾಗೆ ಬಡಿಯುವುದಿಲ್ಲ ಅದು. ದೂರದಲ್ಲಿ ಗಾಳಿ ಬೀಸಿದ ಹಾಗೆ, ಏರಿ ಇಳಿದು, ನಿಲ್ಲದೆ. ನಮ್ಮ ಮನೆಯಲ್ಲಿ ಮಳೆಗಾಲದ ಮಧ್ಯಾಹ್ನ ಬಾಗಿಲು ಹಾಕಿ ಮಲಗಿದರೆ ಕೋಡಿಯ ಕಡಲು ಹೀಗೇ ಕೇಳುತ್ತದೆ. ಟೆಕ್ನೀಶಿಯನ್ ಕೈ ಸರಿಸುವವರೆಗೆ ನಾನು ಉಸಿರು ಹಿಡಿದುಕೊಂಡಿರುತ್ತಿದ್ದೆ. ಜಲಜ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ಹೊಲಿಗೆ ಕಲಿಯಲು ಬಂದ ಹುಡುಗಿಯರು ಪಕ್ಕದ ಕೋಣೆಯಲ್ಲಿ ಮಿಷನ್ ತುಳಿದರೆ ಕಿವಿ ಕೊಡುತ್ತಿದ್ದಳಲ್ಲ, ಹಾಗೆ.

ಹದಿನೇಳನೇ ದಿನ ಮನೆಗೆ ಬಂದೆವು. ಸುಮತಿ ಮೀನು ತರಲಿಲ್ಲ, ಎರಡು ಎಳನೀರು ತಂದಳು. ನಾವಿಲ್ಲದಾಗ ಮನೆಯ ಕೀಲಿ ಅವಳ ಹತ್ತಿರವೇ ಇತ್ತು; ಹುಕ್ಕು ಹಾಕದ ತನ್ನ ಬ್ಲೌಸನ್ನು ಒಯ್ದು, ಪಿನ್ನು ಚುಚ್ಚಿ ಹಾಕಿಕೊಂಡೇ ಬಂದಿದ್ದಳು. ನಿಮ್ಮ ಕೈಯಲ್ಲೇ ಹುಕ್ಕು ಹಾಕಿಸಿಕೊಳ್ಳುವುದು, ಬೇರೆಯವರಿಗೆ ಕೊಡುವುದಿಲ್ಲ ಎಂದು ಜಲಜನಿಗೆ ಹೇಳಿ ಹೋದಳು.

ಸೋಣೆ ತಿಂಗಳು, ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ. ಮಳೆ ಬಂದು ಬಂದು ಬಿಸಿಲು ಬೀಳುತ್ತಿತ್ತು. ಜಲಜ ಎದುರಿನ ಕೋಣೆಯಲ್ಲಿ ದಿಂಬಿಗೆ ಒರಗಿ ಸುಮತಿಯ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು. ನಾನು ಅವಳಿಗೆ ಗಂಜಿ ತಂದಿಟ್ಟೆ. ತಲೆಯೆತ್ತದೆ ಹೇಳಿದಳು.

"ಅತ್ತಿಗೆ, ಅವತ್ತ್ ಡಾಕ್ಟ್ರತ್ರ ನೀವ್ ಕೇಂಡದ್ದ್ ನಂಗೆ ಗೊತ್ತಾಯ್ತ್."

ಏನು ಕೇಳಿದ್ದು ಎಂದೆ, ಗೊತ್ತಿದ್ದೂ.

"ಮೂರ್ ವಾರ ಮೊದ್ಲ್ ಬಂದಿದ್ರೆ ಅಂದೇಳಿ."

ನಲವತ್ತು ವರ್ಷ ಅವಳ ಎದುರು ನಿಂತು ಅಳತೆ ಕೊಟ್ಟವರಲ್ಲಿ ಅರ್ಧ ಜನ ಟೀಚರ್‌ಗಳು, ನರ್ಸ್‌ಗಳು. ಅವರು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಆಡುವುದನ್ನು ಕೇಳಿ ಕೇಳಿ ಅವಳು ಯಾವಾಗಲೋ ಕಲಿತುಬಿಟ್ಟಿದ್ದಳು. ನನಗೆ ತಿಳಿಸಿರಲಿಲ್ಲ. ನಾನು ಗಂಜಿ ಬಟ್ಟಲಿನ ಪಕ್ಕ ನೆಲದ ಮೇಲೆ ಕುಳಿತೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಸಾರಿ ಹೇಳಿ ಎಂದು ಕಲಿಸಿದವಳು ನಾನು. ಅವಳು ನೂಲನ್ನು ಹಲ್ಲಿನಿಂದ ಕಡಿದಳು.

"ನಿಮ್ದೊಂದ್ ಬ್ಲೌಸ್ ನಾನೂ ಕೆಡ್ಸಿದ್ದೆ. ನೀವ್ ಇಷ್ಟ್ ವರ್ಷ ಆದ್ರೂ ಕಂಡಿಲ್ಲ."

ಯಾವುದು ಎಂದೆ.

"ಹುಡ್ಕಿ ಕಾಣಿ. ನಾನ್ ಹೇಳುದಿಲ್ಲ."

ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು, ಹೊಲಿಗೆ ಎಳೆಯಿತು. ನನ್ನ ಭಾರ ಇಳಿಸಲು ತಮಾಷೆ ಮಾಡಿದಳು ಎಂದುಕೊಂಡೆ. ಅವಳು ಕೆಡಿಸುವುದುಂಟೇ? ಅವಳ ಕತ್ತರಿ ತಪ್ಪಿದ್ದನ್ನು ನಾನು ಕಂಡೇ ಇರಲಿಲ್ಲ.

ಹದಿನಾಲ್ಕು ತಿಂಗಳು ಬದುಕಿದಳು. ಅದರಲ್ಲಿ ಹತ್ತು ತಿಂಗಳು ಚೆನ್ನಾಗಿದ್ದಳು, ದಿನಕ್ಕೊಂದು ಬ್ಲೌಸಿನಷ್ಟು ಹೊಲಿದಳು, ಬಂಗುಡೆ ತಿಂದಳು, ನನ್ನ ಕೈಯಡುಗೆಗೆ ಉಪ್ಪು ಸಾಲದು ಎಂದಳು. ಆಮೇಲೆ ಕಾಯಿಲೆ ಲಿವರಿನಲ್ಲಿ ಕಾಣಿಸಿಕೊಂಡಿತು. ಕೊನೆಯ ಸ್ಕ್ಯಾನಿನಲ್ಲೂ ಆ ನಾಳ ತೆರೆದೇ ಇತ್ತು, ತೇಪೆ ಒಂದಿಷ್ಟೂ ಬಿಟ್ಟಿರಲಿಲ್ಲ. ಸರ್ಜನ್ ಅದನ್ನು ತೋರಿಸಿದಾಗ ಅವಳು ಚೆನ್ನಾಗಿ ಹೊಲಿದಿದ್ದೀರಿ ಎಂದು ಅವರನ್ನು ಮೆಚ್ಚಿಕೊಂಡಳು. ಮಳೆ ಮುಗಿದ ಮೇಲಿನ ಅಕ್ಟೋಬರಿನಲ್ಲಿ, ಹಗಲು ಹೊತ್ತಿನಲ್ಲಿ, ಇದೇ ಮನೆಯಲ್ಲಿ ಹೋದಳು. ಈಗ ಇದು ಅವಳಿಲ್ಲದ ನನ್ನ ಮೊದಲ ಮಳೆಗಾಲ.

ಎಂಟು ದಿನದ ಹಿಂದೆ ಕೈಯ ವಾಸನೆ ಹೋಗದೆ ಕುಳಿತವಳು ಎದ್ದು ಹೋಗಿ ಟ್ರಂಕು ತೆರೆದೆ. ಅವಳು ನನಗೆ ಹೊಲಿದ ಬ್ಲೌಸುಗಳನ್ನು ನಾನು ಯಾರಿಗೂ ಕೊಟ್ಟಿಲ್ಲ. ಹಳೆಯವು ಅಡಿಯಲ್ಲಿ, ಹೊಸತು ಮೇಲೆ. ದಿನಕ್ಕೆ ಐದಾರರಂತೆ ಒಳಮಗ್ಗುಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಲ್ಲದರಲ್ಲೂ ಒಳಗೆ ಎರಡು ಬೆರಳು ಬಟ್ಟೆ. ಒಂದೂ ತಪ್ಪಿಲ್ಲ. ಈ ಮಳೆಯಲ್ಲಿ ಬೆಳಕೇ ಇರುವುದಿಲ್ಲ, ನನ್ನ ಕಣ್ಣೂ ಹಾಗೇ. ಕೆಲವೊಮ್ಮೆ ಬೆರಳಿನಲ್ಲೇ ಓದಿದೆ. ಸಿಲ್ಲಿ ಎನಿಸಿತು. ಆದರೂ ಸಂಜೆಗೆ ನಾಳೆ ಮಾಡಲು ಒಂದು ಕೆಲಸ ಇದೆಯಲ್ಲ ಎಂದು ಮಲಗುತ್ತಿದ್ದೆ.

ಇವತ್ತು ಟ್ರಂಕಿನ ಅಡಿ ಮುಟ್ಟಿದೆ. ಬದನೆಕಾಯಿ ಬಣ್ಣದ ರೇಷ್ಮೆ. ಮದುವೆಯಾದ ವರ್ಷ ಬೈಂದೂರಿನಿಂದ ಅಮ್ಮ ಕಳಿಸಿದ್ದ ಬಟ್ಟೆ, ಸ್ಕೂಲ್ ಡೇಗೆ ಹಾಕಿಕೊಳ್ಳಲೆಂದು ಜಲಜನಿಗೆ ಹೊಲಿಯಲು ಕೊಟ್ಟಿದ್ದೆ. ಅವಳಾಗ ಇನ್ನೂ ಕಲಿಯುತ್ತಿದ್ದಳು. ಎಡ ಬದಿಯ ಹೊಲಿಗೆಯ ಒಳಗೆ ಬೆರಳಾಡಿಸಿದರೆ ಬಿಟ್ಟ ಬಟ್ಟೆ ಕೆಳಗೆ ಇದೆ, ಮೇಲೆ ಇಲ್ಲ. ಕತ್ತರಿಸಿ ತೆಗೆದಿದೆ. ಕನ್ನಡಕ ಒರೆಸಿಕೊಂಡು ಬಾಗಿಲ ಬೆಳಕಿಗೆ ತಂದೆ. ಕಂಕುಳಿನ ಕೆಳಗೆ ಅಂಗೈಯ ಅರ್ಧದಷ್ಟು ಒಂದು ತೇಪೆ. ರೇಷ್ಮೆಯ ಹೊಳಪು ಅಲ್ಲಿ ಮಾತ್ರ ಸ್ವಲ್ಪ ಬೇರೆ ಕಡೆ ವಾಲುತ್ತದೆ, ಅಷ್ಟೇ ಗುರುತು. ತೋಳಿಗೆ ತುಂಬ ಆಳ ಕತ್ತರಿಸಿಬಿಟ್ಟಿದ್ದಳು. ಒಳಗೆ ಬಿಟ್ಟ ಬಟ್ಟೆಯಿಂದಲೇ ತುಣುಕು ತೆಗೆದು ತುಂಬಿದ್ದಾಳೆ. ನೂಲು ಅಂಗಡಿಯದಲ್ಲ. ಅದೇ ರೇಷ್ಮೆಯ ಅಂಚಿನಿಂದ ಎಳೆ ಎಳೆಯಾಗಿ ಬಿಡಿಸಿ, ಅದರಲ್ಲೇ ಕೈಹೊಲಿಗೆ ಹಾಕಿದ್ದಾಳೆ. ಒರಟು ಅಂಚುಗಳನ್ನೆಲ್ಲ ಮಡಚಿ ಮುಚ್ಚಿ, ಮೈಗೆ ತಾಗುವ ಕಡೆ ನುಣುಪು.

ಆಗ ಆ ವಾರ ನೆನಪಾಯಿತು. ಬ್ಲೌಸ್ ಎಲ್ಲಿ ಎಂದು ಕೇಳಿದರೆ ನಾಳೆ ಕೊಡುತ್ತೇನೆ ಅತ್ತಿಗೆ ಎನ್ನುತ್ತಿದ್ದಳು. ನಾಲ್ಕು ನಾಳೆಗಳಾದ ಮೇಲೆ ನನ್ನವರ ಎದುರು, ಅತ್ತೆಯವರ ಎದುರು ನಾನು ಹೋಪ್‌ಲೆಸ್ ಎಂದೆ, ಲೇಝಿ ಗರ್ಲ್ ಎಂದೆ. ಅವಳು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡಳು. ಸ್ಕೂಲ್ ಡೇಯ ದಿನ ಬೆಳಿಗ್ಗೆ ತಂದುಕೊಟ್ಟಳು. ಕೂಡಲೇ ಹಾಕಿಕೊಂಡೆ, ಕೈಗೆ ಹೊಂದುವ ಗ್ಲೌಸಿನ ಹಾಗೆ ಕೂತಿತು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಯಾರು ಹೊಲಿದದ್ದು ಎಂದು ಕೇಳಿದರು. ಅದನ್ನು ಮನೆಗೆ ಬಂದು ಅವಳಿಗೆ ಹೇಳಿದ್ದು ನೆನಪಿಲ್ಲ. ಹೇಳಿರಲಿಕ್ಕಿಲ್ಲ.

ತಪ್ಪು ಕತ್ತರಿಸಿದೆ ಎಂದು ನನಗೆ ಹೇಳುವುದಕ್ಕಿಂತ, ಒಂದು ವಾರ ಬೈಗುಳ ತಿಂದು ರೇಷ್ಮೆಯ ಎಳೆ ಬಿಡಿಸುತ್ತಾ ಕೂರುವುದು ಅವಳಿಗೆ ಸುಲಭವಾಗಿತ್ತು. ಇಪ್ಪತ್ತು ವರ್ಷದ ಹುಡುಗಿಗೆ ನಾನು ಅಷ್ಟು ಹೆದರಿಕೆ ಹುಟ್ಟಿಸಿದ್ದೆ, ನನಗೆ ಗೊತ್ತೇ ಇರಲಿಲ್ಲ. ಗಂಜಿ ಬಟ್ಟಲು ಎತ್ತಿಕೊಂಡು ಸರಿ ಅತ್ತಿಗೆ ಎಂದು ಒಳಗೆ ಹೋದದ್ದು ಅದೇ ಹುಡುಗಿ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಸೋಣೆಯ ಆ ಮಧ್ಯಾಹ್ನ ಅವಳು ಇಷ್ಟೆಲ್ಲ ಯೋಚಿಸಿ ಹೇಳಿದಳೋ, ನಿಜಕ್ಕೂ ನನ್ನನ್ನು ನಗಿಸಲು ಹೇಳಿದಳೋ, ಇನ್ನು ಯಾರನ್ನು ಕೇಳಲಿ?

ಬ್ಲೌಸನ್ನು ಹಾಕಿಕೊಂಡು ನೋಡಿದೆ. ಈಗ ನಾನು ಕುಗ್ಗಿದ್ದೇನೆ, ಅದು ಸಡಿಲ. ಎಡಗೈ ಮೇಲೆತ್ತಿದೆ, ಕೆಳಗಿಳಿಸಿದೆ. ಎಲ್ಲೂ ಚುಚ್ಚಲಿಲ್ಲ, ಎಲ್ಲೂ ಎಳೆಯಲಿಲ್ಲ. ನಲವತ್ತೈದು ವರ್ಷ ಅದು ನನ್ನ ಮೈಗೆ ಗೊತ್ತಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹಾಗೇ ಎದುರಿನ ಕೋಣೆಗೆ ಹೋದೆ. ಮಳೆ ಮತ್ತೆ ಹಿಡಿದಿತ್ತು. ಮಿಷನ್ನಿಗೆ ಅವಳು ಹೊಲಿದ ಗವಸೇ ಮುಚ್ಚಿದೆ, ಪಕ್ಕದಲ್ಲಿ ಸ್ಟೂಲು.

"ಸಿಕ್ತ್, ಜಲಜಾ," ಎಂದೆ.

ಹತ್ತು ವರ್ಷದವಳಿದ್ದಾಗ ಬಿಟ್ಟ ಊರಿನ ಮಾತು, ನಾಲಿಗೆ ತಡವರಿಸಿತು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಆದರೂ ಹೇಳಿದೆ.

"ಎಡ್ಗೈ ಕಂಕ್ಳ್ ಅಡಿಗೆ."